ಮನೆ ಕೊಂಡರೂ ಬಾಡಿಗೆ ಹಳೇ ಓನರ್‌ಗೇ ಹೋಗ್ತಿದ್ದರೆ

ಬಾಡಿಗೆದಾರರು ಇರೋ ಜಯನಗರದ ಮನೆ ಕೊಂಡಿದ್ದೀನಿ, ರಿಜಿಸ್ಟರ್ ಆದಮೇಲೂ ಅವರು ಬಾಡಿಗೆ ಹಳೇ ಓನರ್‌ಗೇ ಕೊಡ್ತಿದ್ದಾರೆ, ಏನು ಮಾಡಲಿ, ಖಾಲಿ ಮಾಡಿಸಬಹುದಾ ಅಂತ ಕೇಳಿದ್ದೀರಿ. ಅವರು ನಿಮಗೆ ಬಾಡಿಗೆ ಕೊಡದಿರೋಕೆ ಕಾರಣ ಬಹುಶಃ ಅಡ್ವಾನ್ಸ್. ಅವರ ಹತ್ತು ತಿಂಗಳ ದುಡ್ಡು ಹಳೇ ಓನರ್ ಹತ್ತಿರ ಇದೆ, ಅದನ್ನು ಕೊನೆಗೆ ಯಾರು ಕೊಡ್ತಾರೆ ಅನ್ನೋ ಭಯ ನ್ಯಾಯವಾದದ್ದೇ.

ಮೊದಲು ಹಳೇ ಓನರ್ ಕೈಲಿ ಪತ್ರ ಬರೆಸಿ: ಮನೆ ಮಾರಿದ್ದೇನೆ, ಇನ್ಮೇಲೆ ಬಾಡಿಗೆ ಇವರಿಗೆ ಕೊಡಿ, ಅಡ್ವಾನ್ಸ್ ಇಷ್ಟು, ಅದನ್ನೂ ಇವರಿಗೆ ಕೊಟ್ಟಿದ್ದೇನೆ ಅಂತ. ಆ ದುಡ್ಡು ನಿಮಗೆ ಬಂದಿಲ್ಲದಿದ್ದರೆ ಈಗಲೇ ಪಟ್ಟುಹಿಡಿದು ಕೇಳಿ. ಪತ್ರದ ಜೊತೆ ಸೇಲ್ ಡೀಡ್ ಜೆರಾಕ್ಸ್ ಇಟ್ಟು ಬಾಡಿಗೆದಾರರಿಗೆ ಸ್ಪೀಡ್ ಪೋಸ್ಟ್ ಮಾಡಿ. ಮಾರಾಟದ ವಿಷಯ ತಿಳಿಯದೆ ಅವರು ಹಳಬರಿಗೆ ಕೊಟ್ಟ ಬಾಡಿಗೆಯನ್ನು ಮತ್ತೆ ಕೇಳುವಂತಿಲ್ಲ (1882ರ ಸ್ವತ್ತು ವರ್ಗಾವಣೆ ಕಾಯ್ದೆ, 109ನೇ ಕಲಂ).

ಖಾಲಿ ಮಾಡಿಸಬಹುದಾ ಅನ್ನೋದು ಅಗ್ರಿಮೆಂಟ್ ನೋಡದೆ ಹೇಳಕ್ಕಾಗಲ್ಲ. ಅವಧಿ ಉಳಿದಿದ್ದರೆ ಅದು ನಿಮಗೂ ಅನ್ವಯ. ಕರೆಂಟು, ನೀರು ಮಾತ್ರ ದಯವಿಟ್ಟು ನಿಲ್ಲಿಸಬೇಡಿ.