ಆ್ಯಪ್ ಇದೆಯಲ್ಲ ಅಂದೆಯಲ್ಲ ಮಾರಾಯ

ಮೊನ್ನೆ ಫೋನಿನಲ್ಲಿ ನೀನು ನಕ್ಕದ್ದು ಇನ್ನೂ ಕಿವಿಯಲ್ಲಿ ಉಂಟು. “ಒಂದು ಚೆಕ್ ಬೌನ್ಸ್ ಕೇಸಿಗೆ ರಜೆ ಹಾಕಿ ಕೋರ್ಟಿಗೆ ಹೋಗ್ತೀಯಾ? ಡೇಟ್ ನೋಡೋಕೆ ಆ್ಯಪ್ ಇದೆಯಲ್ಲ! ಅಲ್ಲ, ನೀವೆಲ್ಲ ತುಳು, ಮಲಯಾಳ ಮಾತಾಡೋರು. ಕೋರ್ಟಿನ ಕನ್ನಡ ನಿಮ್ಮ ಮಾವನಿಗೆ ಅರ್ಥ ಆಗುತ್ತಾ?” ಅಂತ ಕೇಳಿದೆ.

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಸಿಟ್ಟು ಬಂದದ್ದು ಅದಕ್ಕೇ. ಕನ್ನಡದ ಮೊದಲ ಪತ್ರಿಕೆ ಹೊರಟದ್ದು ಮಂಗಳೂರಿನಿಂದ, 1843ರಲ್ಲಿ. ಕಿಟ್ಟೆಲರ ನಿಘಂಟು ಅಚ್ಚಾದದ್ದೂ ಇಲ್ಲೇ, 1894ರಲ್ಲಿ. ಮಾವನ ಊರು ಗಡಿಯಾಚೆ ಕೇರಳದ ಮಂಜೇಶ್ವರ, ಕವಿ ಗೋವಿಂದ ಪೈಗಳು ಬಾಳಿದ ಊರು. ಮಾವ ಮನೆಯಲ್ಲಿ ತುಳು ಮಾತಾಡುತ್ತಾರೆ, ಮೀನಿನವನ ಹತ್ತಿರ ಮಲಯಾಳದಲ್ಲಿ ಚೌಕಾಸಿ ಮಾಡುತ್ತಾರೆ, ಪೇಪರ್ ಓದುವುದು ಕನ್ನಡದಲ್ಲಿ. ಇನ್ನು ಕೋರ್ಟಿನ ಕನ್ನಡ ಅಂದರೆ ಎಂತ? ಫಿರ್ಯಾದಿ, ವಕಾಲತ್ತು, ಜಾಮೀನು. ಇವೆಲ್ಲ ಪಾರ್ಸಿ, ಅರಬಿ ಕಡೆಯಿಂದ ಬಂದ ಮಾತುಗಳು. ನಿನ್ನ ಬಸವನಗುಡಿಯ ಕನ್ನಡಕ್ಕೂ ಅವು ಖಾಸಾ ನೆಂಟರಲ್ಲ.

ಈಗ ಕೇಸು. ಮಾವ ದುಡಿದದ್ದೆಲ್ಲ ಮಂಗಳೂರಿನಲ್ಲಿ, ಹಾಗಾಗಿ ಬ್ಯಾಂಕ್ ಖಾತೆಯೂ ಇಲ್ಲೇ. ಪರಿಚಯದವರೊಬ್ಬರಿಗೆ ಕೈಸಾಲ ಕೊಟ್ಟರು. ಅವರು ಚೆಕ್ ಕೊಟ್ಟರು. ಚೆಕ್ ಹೋದ ಹಾಗೆ ವಾಪಸ್ ಬಂತು. ಚೆಕ್ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಖಾತೆಗೆ ಹಾಕಿದ ಚೆಕ್ಕಾದರೆ, ಹಣ ಬರಬೇಕಾದವನ ಖಾತೆ ಯಾವ ಶಾಖೆಯಲ್ಲಿ ಉಂಟೋ ಅಲ್ಲಿನ ಕೋರ್ಟಿನಲ್ಲೇ ಕೇಸು. ಹಾಗಾಗಿ ಮನೆ ಕೇರಳದಲ್ಲಿ, ಕೇಸು ಮಂಗಳೂರಿನ ಒಂದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ. ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸ್, ಹಣ ಕೊಡಲು ಅವರಿಗೆ 15 ದಿನದ ಅವಕಾಶ, ಆಮೇಲೆ ಒಂದು ತಿಂಗಳೊಳಗೆ ದೂರು. ಅದನ್ನೆಲ್ಲ ವಕೀಲರು ಮಾಡಿ ಮುಗಿಸಿದರು. ಇಂಥ ಕೇಸಿನ ವಿಚಾರಣೆಯನ್ನು ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನ ಮಾಡಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಪ್ರಯತ್ನ ನಡೆಯುತ್ತಾ ಉಂಟು. ಇದು ಮೂರನೇ ವರ್ಷ.

ಇನ್ನು ನಿನ್ನ ಆ್ಯಪಿಗೆ ಬರೋಣ. ಇ-ಕೋರ್ಟ್ಸ್ ಆ್ಯಪ್ ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಕೇಸು ಸಿಕ್ಕಿದ ಮೇಲೆ ಮುಂದಿನ ಡೇಟು, ಯಾವ ಹಂತ, ಯಾವ ಕೋರ್ಟು ಎಲ್ಲವನ್ನೂ ತೋರಿಸುತ್ತದೆ. ಸಿಗಬೇಕಲ್ಲ?

ಮೊದಲ ಸಲ ಮಾವ ತಾವೇ ನೋಡಲು ಕುಳಿತರು. ರಾಜ್ಯ ಯಾವುದು ಅಂತ ಕೇಳಿತು. ಮಾವ ಪ್ರಾಮಾಣಿಕ ಮನುಷ್ಯ, ಕೇರಳ ಅಂತ ಒತ್ತಿದರು. ಜಿಲ್ಲೆ ಕಾಸರಗೋಡು. ಅರ್ಧ ಗಂಟೆ ಹುಡುಕಿ, “ನನ್ನ ಕೇಸೇ ಇಲ್ಲ ಮಾರಾಯ” ಅಂತ ಫೋನ್ ಮಾಡಿದರು. ಕರ್ನಾಟಕ ಒತ್ತಿ, ದಕ್ಷಿಣ ಕನ್ನಡ ಒತ್ತಿ ಅಂದೆ. “ನಾನು ಹುಟ್ಟಿದ್ದು ದಕ್ಷಿಣ ಕನ್ನಡದಲ್ಲೇ ಅಲ್ವಾ” ಅಂದರು. ಹೌದು. ಹುಟ್ಟಿದ್ದು 1952ರಲ್ಲಿ, ಆಗ ಇದೆಲ್ಲ ಮದರಾಸು ರಾಜ್ಯದ ಒಂದೇ ಜಿಲ್ಲೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಮಾವನಿಗೆ ಆಗ ನಾಲ್ಕು ವರ್ಷ.

ಆಮೇಲೆ ನಂಬರಿನ ರಗಳೆ. ಮಾವನ ಚೀಟಿಯಲ್ಲಿ ಇದ್ದದ್ದು ಪಿಸಿಆರ್ ನಂಬರ್, ಅಂದರೆ ಖಾಸಗಿ ದೂರು ಕೊಟ್ಟಾಗ ಸಿಕ್ಕಿದ್ದು. ಕೋರ್ಟು ಅದನ್ನು ಕೇಸಾಗಿ ತೆಗೆದುಕೊಂಡ ಮೇಲೆ ಸಿಸಿ ನಂಬರ್ ಅಂತ ಬೇರೆಯೇ ಆಗುತ್ತದೆ. ಹಳೆ ನಂಬರ್ ಹಾಕಿದರೆ ‘ಡಿಸ್ಪೋಸ್ಡ್’ ಅಂತ ಬಂತು, ಅಂದರೆ ಆ ನಂಬರಿನ ಲೆಕ್ಕ ಮುಗಿಯಿತು ಅಂತ ಅಷ್ಟೇ. ಮಾವ ಅದನ್ನು ಕೇಸು ಬಿದ್ದುಹೋಯಿತು ಅಂತ ಓದಿಕೊಂಡರು. ಆ ರಾತ್ರಿ ಅತ್ತೆ ಅಡುಗೆಯನ್ನೇ ಮಾಡಲಿಲ್ಲವಂತೆ.

ಸರಿ, ಹೆಸರು ಹಾಕಿ ಹುಡುಕೋಣ ಅಂದೆ. ನಾವು ಸಿಕ್ಕಿಬಿದ್ದದ್ದು ಇಲ್ಲಿ. ವರ್ಷ ಹಾಕಬೇಕು, ಹೆಸರಿನ ಮೂರು ಅಕ್ಷರವಾದರೂ ಹಾಕಬೇಕು. ಮೂರು ಅಕ್ಷರ ತಾನೇ ಅಂತೀಯ. ನಮ್ಮ ಕಡೆಯ ಹೆಸರು ನಿನಗೆ ಗೊತ್ತಿಲ್ಲ. ಐತಪ್ಪ ಅನ್ನುವ ಹೆಸರನ್ನೇ ತಗೋ. (ಮಾವನ ಹೆಸರು ಅದಲ್ಲ, ಆದರೆ ಅಂಥದ್ದೇ. ನಿಜ ಹೆಸರು ಬರೆದರೆ ನನ್ನ ಮೇಲೂ ಒಂದು ಕೇಸು ಬೀಳುತ್ತದೆ.) ಕನ್ನಡದಲ್ಲಿ ಬರೆದರೆ ತಕರಾರೇ ಇಲ್ಲ. ಇಂಗ್ಲಿಷ್ ಅಕ್ಷರಕ್ಕೆ ಹೋದರೆ ಒಬ್ಬರು ಎ, ಐ ಹಾಕುತ್ತಾರೆ. ಇನ್ನೊಬ್ಬರು ಬರೀ ಐ. ಮತ್ತೊಬ್ಬರಿಗೆ ಎ, ವೈ ಬೇಕು. ‘ತ’ಕ್ಕೆ ಎಚ್ ಬೇಕಾ ಬೇಡವಾ ಅನ್ನುವುದು ಬರೆಯುವವರ ಇಷ್ಟ. ಮಾವನಿಗೆ ಆಧಾರಿನಲ್ಲಿ ಒಂದು ಹೆಸರು, ವೋಟರ್ ಕಾರ್ಡಿನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮೂರನೆಯದು. ಅಡ್ಡಹೆಸರಿನಿಂದ ಹುಡುಕುವಾ ಅಂದರೆ ಅದೂ ಹಾಗೇ. ಪೂಜಾರಿಗೆ ಕೊನೆಯಲ್ಲಿ ವೈಯೋ ಐಯೋ? ಡಿಸೋಜರಿಗೆ ಮೇಲೊಂದು ಕೊಕ್ಕೆ ಉಂಟೋ ಇಲ್ಲವೋ? ಮಂಗಳೂರಿನಲ್ಲಿ ಶೆಟ್ಟಿ ಅಂತ ಹುಡುಕುವುದಂತೂ ಬುಟ್ಟಿ ತುಂಬ ಬೂತಾಯಿ ಮೀನು ಇಟ್ಟುಕೊಂಡು ನನ್ನ ಬೂತಾಯಿ ಯಾವುದು ಅಂತ ಕೇಳಿದ ಹಾಗೆ.

ಆ್ಯಪ್ ಬಿಟ್ಟು ವೆಬ್‌ಸೈಟಿನಲ್ಲಿ ನೋಡುವಾ ಅಂದರೆ ಪ್ರತಿ ಸಲವೂ ಆ ವಕ್ರ ಅಕ್ಷರಗಳ ಕ್ಯಾಪ್ಚಾ ಬೇರೆ. ಎಪ್ಪತ್ತು ದಾಟಿದ ಕಣ್ಣಿಗೆ ಅದು ಕಾಣುವುದುಂಟಾ? ಹನ್ನೊಂದನೇ ಸಲಕ್ಕೆ ಪಾಸ್‌ಬುಕ್ಕಿನ ಸ್ಪೆಲ್ಲಿಂಗ್ ಹಾಕಿದೆವು. ಸಿಕ್ಕಿತು! ಚೆಕ್ ಆ ಹೆಸರಿಗೆ ಇತ್ತು, ಹಾಗಾಗಿ ದೂರೂ ಆ ಹೆಸರಿನಲ್ಲೇ. ಯಾರದ್ದೂ ತಪ್ಪಲ್ಲ, ಬೈಯಲಿಕ್ಕೂ ಒಬ್ಬರು ಸಿಗಲಿಲ್ಲ.

ಈಗ ಸಿಎನ್‌ಆರ್ ನಂಬರ್, ಅಂದರೆ ಒಂದೊಂದು ಕೇಸಿಗೂ ಇರುವ ಅದರದ್ದೇ ಗುರುತಿನ ನಂಬರ್, ಬರೆದಿಟ್ಟುಕೊಂಡಿದ್ದೇವೆ. ಹದಿನಾರು ಅಕ್ಷರ, ಅಂಕಿಗಳ ಸಾಲು ಅದು, ನಮ್ಮದು ಕೆ, ಎ ಅಂತ ಶುರು. ಅದೊಂದಿದ್ದರೆ ರಾಜ್ಯ, ಜಿಲ್ಲೆ, ಹೆಸರು ಯಾವುದೂ ಬೇಡ. ನಿನಗೆ ಎಂದಾದರೂ ಕೇಸು ಬಿದ್ದರೆ (ಬೀಳದಿರಲಿ) ವಕೀಲರ ಹತ್ತಿರ ಮೊದಲು ಅದನ್ನು ಕೇಳು. ನಡುವೆ ಸೊನ್ನೆ ಜಾಸ್ತಿ ಇರುತ್ತದೆ, ಎಣಿಸಿ ಬರೆದುಕೋ. ಮಾವ ಒಂದು ಸೊನ್ನೆ ನುಂಗಿ ಮತ್ತೆ ಎರಡು ದಿನ ಒದ್ದಾಡಿದರು.

ಡೇಟು ಗೊತ್ತಾದ ಮೇಲೆ ಹೋಗುವುದು ಯಾಕೆ ಅಂದೆಯಲ್ಲ. ಆರೋಪಿ ಬಾರದಿದ್ದರೆ ವಾರಂಟ್ ಹೊರಡುತ್ತದೆ ಅಂತ ಎಲ್ಲರಿಗೂ ಗೊತ್ತು. ಇಂಥ ಕೇಸಿನಲ್ಲಿ ದೂರು ಕೊಟ್ಟವನು ಬಾರದಿದ್ದರೂ ಕಷ್ಟವೇ. ಮ್ಯಾಜಿಸ್ಟ್ರೇಟರು ಆರೋಪಿಯನ್ನು ಖುಲಾಸೆ ಮಾಡಿಬಿಡಬಹುದು. ಕೊಟ್ಟ ಹಣವೂ ಹೋಯಿತು, ಕೇಸೂ ಹೋಯಿತು. ವಕೀಲರು ಅರ್ಜಿ ಹಾಕಿ ಒಂದೆರಡು ಸಲ ಉಳಿಸಬಹುದು, ಯಾವಾಗಲೂ ಅಲ್ಲ. ಹಾಗಾಗಿ ಮಾವ ಗಡಿಯ ತಲಪಾಡಿ ದಾಟಿ ತೊಕ್ಕೊಟ್ಟಿಗೆ ಬಸ್ಸಿನಲ್ಲಿ ಬರುತ್ತಾರೆ, ಅಲ್ಲಿಂದ ನನ್ನ ಸ್ಕೂಟರ್. ಪಂಪ್‌ವೆಲ್ಲಿನ ಟ್ರಾಫಿಕ್ ಬಗ್ಗೆ ನಾನು ಬರೆಯುವುದಿಲ್ಲ, ಬಿಪಿ ಏರುತ್ತದೆ.

ಹನ್ನೊಂದಕ್ಕೆ ಕೋರ್ಟು ಕೂರುತ್ತದೆ. ಬಾಗಿಲ ಹತ್ತಿರದ ಪಟ್ಟಿಯಲ್ಲಿ ನಮ್ಮದು ಎಷ್ಟನೆಯದು ಅಂತ ನೋಡಿ, ಹಿಂದಿನ ಬೆಂಚಿನಲ್ಲಿ ಕುಳಿತು, ಕೂಗುವುದನ್ನು ಕಾಯುವುದು. ಮೊದಲ ಸಲ ಕೂಗಿದಾಗ ಮಾವ ಏಳಲೇ ಇಲ್ಲ. ಪಟ್ಟಿಯ ಇಂಗ್ಲಿಷ್ ಸ್ಪೆಲ್ಲಿಂಗನ್ನು ಇದ್ದ ಹಾಗೇ ಓದಿದ್ದರು. ಆ ಹೆಸರು ತಮ್ಮದು ಅಂತ ಮಾವನಿಗೆ ಹೊಳೆಯಲಿಲ್ಲ. ನಾನು ತಿವಿದು ಎಬ್ಬಿಸಿದೆ. ಎದ್ದು ಕೈಮುಗಿದು ನಿಂತರು. ಎರಡು ನಿಮಿಷ. ಮುಂದಿನ ಡೇಟು.

ಅವತ್ತೇ ಹೊರಗಿನ ಜಗಲಿಯಲ್ಲಿ ಇನ್ಯಾವುದೋ ಕೇಸಿಗೆ ಬಂದಿದ್ದ ಒಬ್ಬರು ಮಾವನ ಆಧಾರ್ ಪ್ರತಿಯನ್ನು ಇಣುಕಿ ನೋಡಿದರು. “ಓ, ಕೇರಳದವರಾ? ಕನ್ನಡ ಎಷ್ಟು ಚೆಂದ ಮಾತಾಡ್ತೀರಿ!”

ಮಾವ ಅವರನ್ನು ಒಮ್ಮೆ ನೋಡಿದರು. “ನೀವೂ ಪರವಾಗಿಲ್ಲ” ಅಂದರು.

ನಿನಗೆ ನಗು ಬರಬಹುದು. ಆಚೆ ಬದಿಯಲ್ಲಿ ಅವರು ‘ಕನ್ನಡದವರು’, ಈಚೆ ಬದಿಯಲ್ಲಿ ‘ಕೇರಳದವರು’. ಎಪ್ಪತ್ತು ವರ್ಷ ಹೀಗೆ ಎರಡೂ ಕಡೆ ಅತಿಥಿಯಾಗಿ ಇದ್ದು ನೋಡು, ನಿನಗೂ ಬಾಯಿ ಚುರುಕಾಗುತ್ತದೆ.

ಈಗ ಮಾವನ ಅಡುಗೆಮನೆಯ ಗೋಡೆಯಲ್ಲಿ ಎರಡು ಕ್ಯಾಲೆಂಡರ್ ನೇತಾಡುತ್ತವೆ. ಮೊದಲು ಆಚೆಯದ್ದು ಮಾತ್ರ ಇತ್ತು. ಒಂದು ಸಲ ಡೇಟು ಓಣಂ ರಜೆಯ ದಿನವೇ ಬಿತ್ತು. ಕೋರ್ಟಿಗೂ ರಜೆ ಇರುತ್ತದೆ ಅಂತ ಅತ್ತೆ ಲೆಕ್ಕ ಹಾಕಿದ್ದರು. ಇಲ್ಲಿ ಎಂತ ಓಣಂ? ಕೋರ್ಟು ನಡೆಯಿತು, ವಕೀಲರು ಹೇಗೋ ಅರ್ಜಿ ಹಾಕಿ ಪಾರು ಮಾಡಿದರು. ಅದರ ಮರುದಿನವೇ ನಾನು ಮಂಗಳೂರಿನಿಂದ ಒಂದು ಕ್ಯಾಲೆಂಡರ್ ಒಯ್ದು ಕೊಟ್ಟೆ. ಅತ್ತೆ ಎರಡನ್ನೂ ತಾಳೆ ನೋಡಿ ಗುರುತು ಹಾಕುತ್ತಾರೆ. ಈಚೆಯದರಲ್ಲಿ ನವೆಂಬರ್ 1 ಕೆಂಪು, ರಾಜ್ಯೋತ್ಸವದ ರಜೆ. ಆಚೆಯದರಲ್ಲಿ ಅದು ಕಪ್ಪು ಇತ್ತು. ಹೋದ ವಾರ ಹೋಗಿದ್ದಾಗ ನೋಡಿದೆ, ಅತ್ತೆ ಅದರ ಮೇಲೂ ಕೆಂಪು ಪೆನ್ನು ಆಡಿಸಿದ್ದಾರೆ.