ಮಗುವಿನ ಎದೆಗೆ ಅಲ್ಟ್ರಾಸೌಂಡ್: ಶ್ವಾಸಕೋಶಕ್ಕೆ ಅಪಾಯವೇ?

ಮಲ್ಲೇಶ್ವರದ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಮಗು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದೆ. ಉಸಿರಾಟಕ್ಕೆ ಕಷ್ಟವಾಗುತ್ತಿದೆ ಅಂತ ಎದೆಗೆ ಎರಡು ಮೂರು ಸಲ ಅಲ್ಟ್ರಾಸೌಂಡ್ ಮಾಡಿದರು. ಇದರಿಂದ ಇಲಿಗಳ ಶ್ವಾಸಕೋಶದಲ್ಲಿ ರಕ್ತ ಸೋರಿದೆ ಎಂದು ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ಹಾಗಾದರೆ ಅದು ವಾಸಿಯಾಗುತ್ತದಾ? ಬಸುರಿಯಿದ್ದಾಗಲೂ ಎಷ್ಟೊಂದು ಸ್ಕ್ಯಾನ್ ಆಗಿದೆಯಲ್ಲ?"

ಅಮ್ಮಾ, ನೀವು ಓದಿದ್ದು ಸುಳ್ಳಲ್ಲ. ಆದರೆ ಅದು ಅರ್ಧ ಕಥೆ.

ಇಲಿಗಳ ಶ್ವಾಸಕೋಶದಲ್ಲಿ ಹೀಗೆ ರಕ್ತ ಸೋರಿದ್ದು ಮೊದಲು ವರದಿಯಾದದ್ದು 1990ರಲ್ಲಿ. ಆಮೇಲೆ ಮೊಲ, ಹಂದಿಗಳಲ್ಲೂ ಕಂಡಿತು. ಶ್ವಾಸಕೋಶಕ್ಕೇ ಯಾಕೆ ಅಂದರೆ, ಅಲ್ಲಿ ಗಾಳಿ ಇದೆ. ಮೆತ್ತನೆಯ ಮಾಂಸದೊಳಗೆ ಸಲೀಸಾಗಿ ಹೋಗುವ ಅಲ್ಟ್ರಾಸೌಂಡ್ ಅಲೆ, ಗಾಳಿ ಎದುರಾದ ಕೂಡಲೇ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ತಿರುಗುತ್ತದೆ. ಆ ಗಡಿಯಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಬಹಳ ಕಡೆ ಒಂದು ಮೈಕ್ರೋಮೀಟರ್‌ಗಿಂತ ತೆಳು. ಒತ್ತಡ ಜಾಸ್ತಿಯಾದರೆ ಅಲ್ಲಿನ ಸಣ್ಣ ರಕ್ತನಾಳ ಬಿರಿಯುತ್ತದೆ. ಗಾಯದ ರೂಪ ನೋಡಿದರೆ ಅದು ಶಾಖದಿಂದ ಸುಟ್ಟದ್ದಲ್ಲ. ಹೊಟ್ಟೆಯಲ್ಲಿರುವ ಮಗುವಿನ ಶ್ವಾಸಕೋಶದಲ್ಲಾದರೆ ಗಾಳಿಯೇ ಇಲ್ಲ, ದ್ರವ ತುಂಬಿರುತ್ತದೆ. ಹಾಗಾಗಿ ಬಸುರಿಯಿದ್ದಾಗಿನ ಸ್ಕ್ಯಾನ್‌ಗಳ ಬಗ್ಗೆ ಈ ಭಯ ಬೇಡ.

ಇನ್ನು ವಾಸಿಯಾಗುವ ವಿಷಯ. ಇದನ್ನು ನಿಧಾನವಾಗಿ ಓದಿ.

ಸೋರಿದ ರಕ್ತ ಶ್ವಾಸಕೋಶದ ಪುಟ್ಟ ಗಾಳಿಗೂಡುಗಳಲ್ಲಿ ನಿಲ್ಲುತ್ತದೆ, ಸ್ವಲ್ಪ ಹೆಪ್ಪುಗಟ್ಟುತ್ತದೆ. ಆಗ ಮ್ಯಾಕ್ರೊಫೇಜ್ ಎಂಬ ಜೀವಕಣಗಳು ಬಂದು ಕೆಂಪು ರಕ್ತಕಣಗಳನ್ನು ನುಂಗುತ್ತವೆ. ರಕ್ತದ ಕಬ್ಬಿಣ ಅವುಗಳೊಳಗೆ ಕಂದು ಬಣ್ಣದ ಹರಳಿನಂತೆ ಉಳಿಯುತ್ತದೆ. ಮೊಣಕಾಲಿಗೆ ಪೆಟ್ಟು ಬಿದ್ದ ಜಾಗ ನೀಲಿಗಟ್ಟಿ, ಆಮೇಲೆ ಕಂದಾಗಿ, ಮಾಯುತ್ತದಲ್ವಾ, ಹಾಗೆ. ಪ್ರಾಣಿಗಳಲ್ಲಿ ಗಾಯ ಮಾಯ್ದ ಮೇಲೂ ಆ ಕಂದು ಗುರುತು ಕೆಲವು ವಾರ ಕಾಣುತ್ತದೆ. ಅದನ್ನು ನೋಡಿ ಗಾಯ ಇನ್ನೂ ಇದೆ ಅಂದುಕೊಳ್ಳಬಾರದು.

ಗೋಡೆಯ ರಿಪೇರಿ ಇದರ ಜೊತೆಜೊತೆಗೇ ನಡೆಯುತ್ತದೆ. ಗಾಳಿಗೂಡಿನ ಒಳಮೈಯ ಸುಮಾರು ಶೇ. 95ರಷ್ಟನ್ನು ಮುಚ್ಚಿರುವುದು ಚಪ್ಪಟೆಯಾದ ಮೊದಲ ಬಗೆಯ ಜೀವಕಣಗಳು. ಅವು ಸತ್ತರೆ ತಮ್ಮಂಥ ಕಣಗಳನ್ನು ತಾವೇ ಹುಟ್ಟಿಸಲಾರವು. ಆ ಕೆಲಸ ಪಕ್ಕದಲ್ಲಿರುವ ಎರಡನೇ ಬಗೆಯ ದುಂಡು ಕಣಗಳದ್ದು. ಅವು ಒಡೆದು ಎರಡಾಗಿ, ಖಾಲಿ ಜಾಗಕ್ಕೆ ಹರಡಿ, ಚಪ್ಪಟೆಯಾಗಿ ಮೊದಲ ಬಗೆಯವೇ ಆಗಿಬಿಡುತ್ತವೆ. ಇದನ್ನು ಓದಿದಾಗಲೆಲ್ಲ ನನಗೆ ಬೆರಗಾಗುತ್ತದೆ. ಒಂದು ಷರತ್ತಿದೆ: ಕಣಗಳ ಕೆಳಗಿನ ತೆಳುಪೊರೆ ಉಳಿದಿರಬೇಕು. ಉಳಿದಿದ್ದರೆ ಗೂಡು ಮೊದಲಿನಂತೆ ಆಗುತ್ತದೆ. ಅದೂ ಹರಿದುಹೋದರೆ ಅಲ್ಲಿ ನಾರು ಬೆಳೆದು ಕಲೆ ಉಳಿಯಬಹುದು.

ಆ ಪ್ರಯೋಗಗಳಲ್ಲಿ ಬೇಕೆಂದೇ ಗಾಯ ಆಗುವಷ್ಟು ಶಕ್ತಿ ಕೊಟ್ಟವೂ ಇದ್ದವು. ಮನುಷ್ಯರಲ್ಲಿ ರೋಗ ಪತ್ತೆಯ ಸ್ಕ್ಯಾನ್‌ನಿಂದ ಇಂಥ ಗಾಯವಾದದ್ದು ಖಚಿತವಾಗಿಲ್ಲ. ಹಾಗಂತ ನವಜಾತ ಶಿಶುವಿನ ವಿಷಯದಲ್ಲಿ ಸುಮ್ನೆ ಧೈರ್ಯ ಹೇಳಿ ಕಳಿಸಲು ನನಗೆ ಮನಸ್ಸಿಲ್ಲ. ಯಂತ್ರದ ಪರದೆಯ ಮೂಲೆಯಲ್ಲಿ ಎಂಐ ಎಂಬ ಅಂಕಿ ಇರುತ್ತದೆ. ಮೆಕ್ಯಾನಿಕಲ್ ಇಂಡೆಕ್ಸ್ ಅಂತ, ಅಲೆಯ ಒತ್ತಡದಿಂದ ಗಾಯವಾಗುವ ಸಾಧ್ಯತೆಯ ಅಳತೆ. ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 1.9ರ ಮಿತಿ ಇಟ್ಟಿದೆ. ಬ್ರಿಟನ್ನಿನ ಅಲ್ಟ್ರಾಸೌಂಡ್ ತಜ್ಞರ ಸಂಘದ ಮಾರ್ಗಸೂಚಿ ಇನ್ನೂ ಬಿಗಿ: 0.3 ದಾಟಿದರೆ ನವಜಾತ ಶಿಶುಗಳ ಶ್ವಾಸಕೋಶ, ಕರುಳಿಗೆ ಸಣ್ಣ ಗಾಯದ ಸಾಧ್ಯತೆಯಿದೆ, ಆದಷ್ಟು ಬೇಗ ಮುಗಿಸಿ ಅನ್ನುತ್ತದೆ.

ಹಾಗಂತ ಸ್ಕ್ಯಾನ್ ಬೇಡ ಎಂದು ಹಟ ಹಿಡಿಯಬೇಡಿ. ಅದನ್ನು ಬಿಟ್ಟರೆ ಮತ್ತೆ ಮತ್ತೆ ಎಕ್ಸ್‌ರೇ ತೆಗೆಯಬೇಕಾದೀತು. ಮುಂದಿನ ಸಲ ಮಗಳೋ ಅಳಿಯನೋ ಮಗುವಿನ ಡಾಕ್ಟರನ್ನು ಕೇಳಲಿ: "ಎಂಐ ಎಷ್ಟು ಇಟ್ಟಿದ್ದೀರಿ, ಇನ್ನೂ ಇಳಿಸಬಹುದಾ, ಎಷ್ಟು ಹೊತ್ತು ಆಗುತ್ತದೆ?" ಇದನ್ನು ಕೇಳಲು ಸಂಕೋಚ ಬೇಡ.
– ಸಂ.