ಅಶ್ವಗಂಧದ ಕಷಾಯಕ್ಕೆ ಮೊಸರಿನ ಹೆಪ್ಪು ಹಾಕಿದರೆ ಕ್ಯಾನ್ಸರ್‌ಗೆ ಔಷಧಿ ಆಗುತ್ತದೆಯೇ?

ಹುಮನಾಬಾದಿನಿಂದ ಕೇಳಿದ್ದೀರಿ: ಅವ್ವನಿಗೆ ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೀಮೋ ನಡೆದಿದೆ, ಅಶ್ವಗಂಧದ ಕಷಾಯಕ್ಕೆ ಮೊಸರು ಹೆಪ್ಪು ಹಾಕಿ ಎರಡು ದಿನ ಇಟ್ಟು ಕೊಟ್ಟರೆ ಅದರ ಶಕ್ತಿ ಹೆಚ್ಚುತ್ತದಂತೆ, ಹೌದೇ ಅಂತ. ಕೊಡಬೇಡ್ರಿ. ಹಾಗಂತ ನಿಮಗೆ ಹೇಳಿದವರು ಪೂರ್ತಿ ಸುಳ್ಳೂ ಹೇಳಿಲ್ಲ.

ಗಿಡದ ಎಷ್ಟೋ ರಾಸಾಯನಿಕಗಳಿಗೆ ಸಕ್ಕರೆಯ ಅಣುಗಳು ಅಂಟಿಕೊಂಡಿರುತ್ತವೆ. ಆ ರೂಪದಲ್ಲಿ ಅವು ನೀರಿನಲ್ಲಿ ಕರಗುತ್ತವೆ, ಕರುಳಿನ ಗೋಡೆ ದಾಟಲು ಮಾತ್ರ ಒದ್ದಾಡುತ್ತವೆ. ಕೆಲವು ಬ್ಯಾಕ್ಟೀರಿಯಾ, ಶಿಲೀಂಧ್ರಗಳಲ್ಲಿರುವ ಬೀಟಾ-ಗ್ಲುಕೋಸಿಡೇಸ್ ಕಿಣ್ವ ಆ ಸಕ್ಕರೆಯನ್ನು ಕಡಿದು ಹಾಕುತ್ತದೆ. ಕೊರಿಯಾದವರ ಜಿನ್ಸೆಂಗ್ ಬೇರನ್ನೇ ನೋಡಿ. ಅದರಲ್ಲಿರುವ ಆರ್‌ಬಿ1 ಎಂಬ ಜಿನ್ಸೆನೊಸೈಡ್‌ಗೆ 4 ಗ್ಲುಕೋಸ್ ಅಂಟಿರುತ್ತವೆ. 3 ಕಳಚಿದರೆ ಉಳಿಯುವುದು ‘ಕಾಂಪೌಂಡ್ ಕೆ’, ಅದು ಕರುಳಿನ ಗೋಡೆಯನ್ನು ಸುಲಭವಾಗಿ ದಾಟುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳೂ ಈ ಕೆಲಸ ಮಾಡುತ್ತವೆ, ಆದರೆ ಒಬ್ಬರಲ್ಲಿ ಹೆಚ್ಚು, ಇನ್ನೊಬ್ಬರಲ್ಲಿ ಕಡಿಮೆ. ಅದಕ್ಕೇ ಲ್ಯಾಬಿನಲ್ಲೇ ಮೊದಲು ಪರಿವರ್ತಿಸಿ ಕೊಡುವ ಯೋಚನೆ ಹುಟ್ಟಿದ್ದು. ನಮ್ಮ ಅಶ್ವಗಂಧಾರಿಷ್ಟವೂ ಹುದುಗಿಸಿದ್ದೇ, ಧಾತಕಿ ಹೂ ಹಾಕಿ.

ಎಂಎಸ್ಸಿಯಲ್ಲಿ ನಾನೂ ಇದಕ್ಕೆ ಕೈ ಹಾಕಿದ್ದೆ. ಪುಣೆಯಿಂದ ಬಂದ ಹೀಲಾ ಕೋಶಗಳ (ಲ್ಯಾಬಿನಲ್ಲಿ ಬೆಳೆಸುವ ಕ್ಯಾನ್ಸರ್ ಕೋಶಗಳು) ಮೇಲೆ ಹುದುಗಿಸಿದ ಗಿಡದ ಸಾರ ಹಾಕಿ, ಮರುದಿನ ಎಂಟಿಟಿ ಪರೀಕ್ಷೆ ಮಾಡಿದೆ. ಕೋಶ ಬದುಕಿದ್ದರೆ ಹಳದಿ ಬಣ್ಣ ನೇರಳೆಗೆ ತಿರುಗಬೇಕು. ತಿರುಗಲೇ ಇಲ್ಲ! ಹಿಗ್ಗಿ ಗೈಡ್ ಹತ್ತಿರ ಓಡಿದೆ. ಅವರು ತಲೆ ಎತ್ತದೆ ಕೇಳಿದ್ದು ಒಂದೇ: “ಪಿಎಚ್ ಎಷ್ಟಿತ್ತು?” ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ನನ್ನದು ನಾಲ್ಕರ ಆಸುಪಾಸು. ಗಿಡದ ಸಾರವೇ ಇಲ್ಲದ, ಬರೀ ಹುಳಿ ಬಂದ ದ್ರವ ಹಾಕಿ ನೋಡು ಅಂದರು. ಅದಕ್ಕೂ ಕೋಶಗಳು ಸತ್ತವು. ಹುಳಿ ತೆಗೆದು ಪಿಎಚ್ 7.4ಕ್ಕೆ ತಂದು ಮತ್ತೆ ಮಾಡಿದಾಗ ಹುದುಗಿಸಿದ್ದಕ್ಕೂ ಹುದುಗಿಸದ್ದಕ್ಕೂ ಹೇಳಿಕೊಳ್ಳುವಷ್ಟು ವ್ಯತ್ಯಾಸ ಉಳಿಯಲಿಲ್ಲ. ಲಿಂಬೆರಸವೂ ಲ್ಯಾಬಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಲ್ಲುತ್ತದೆ ಅಂತ ಗೆಳೆಯರು ವರ್ಷಪೂರ್ತಿ ಕಾಡಿದರು.

ಇನ್ನು ಅವ್ವನ ವಿಷಯ. ಕೀಮೋದಿಂದ ಸೋಂಕು ತಡೆಯುವ ಬಿಳಿ ರಕ್ತಕಣ ಕುಸಿದಿರುತ್ತವೆ. ಮನೆಯ ಡಬ್ಬಿಯಲ್ಲಿ ಎರಡು ದಿನ ಇಟ್ಟ ಕಷಾಯದಲ್ಲಿ ಮೊಸರಿನ ಬ್ಯಾಕ್ಟೀರಿಯಾ ಮಾತ್ರ ಬೆಳೆಯುತ್ತವೆ ಅನ್ನೋ ಖಾತ್ರಿ ಇಲ್ಲ. ಅಶ್ವಗಂಧದಿಂದ ಕೆಲವರ ಲಿವರ್‌ಗೆ ಪೆಟ್ಟು ಬಿದ್ದದ್ದೂ ದಾಖಲಾಗಿದೆ, ಅನೇಕ ಕೀಮೋ ಔಷಧಿಗಳು ಅರಗುವುದೂ ಲಿವರ್‌ನಲ್ಲೇ. ಈಗಾಗಲೇ ಕೊಟ್ಟಿದ್ದರೆ ಎಷ್ಟು ದಿನ, ಎಷ್ಟು ಲೋಟ ಅಂತ ಬರೆದುಕೊಂಡು, ಪುಡಿಯ ಪ್ಯಾಕೆಟ್ ಸಮೇತ ಡಾಕ್ಟರಿಗೆ ತೋರಿಸ್ರಿ. ಜ್ವರ 100.4 ಮುಟ್ಟಿದರೆ ಮುಂದಿನ ತಾರೀಖಿನ ತನಕ ಕಾಯದೆ ಅವತ್ತೇ ಕರಕೊಂಡು ಹೋಗ್ರಿ.